ಮದಗದ ಕೆರೆಯ ಪದ ಯಾರದು?

ಬುಕ್ಕಾಂಬುಧಿ, ಅಜ್ಜಂಪುರ, ತರೀಕೆರೆ, ಕಡೂರು ಸೀಮೆಯಲ್ಲಿ ‘ಮಾಯದಂಥ ಮಳೆ’ ಎಂಬ ಪದ ಕೇಳದೆ ಬೆಳೆದವರು ಕಡಿಮೆ. ಕೆರೆ ಕೋಡಿ ಬಿದ್ದ ವರ್ಷ ಗಂಗೆಪೂಜೆಗೆ ಹೋದ ಹೆಂಗಸರ ಬಾಯಲ್ಲಿ ಅದು ಬರುತ್ತದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಅದಕ್ಕೆ ಕುಣಿಯುತ್ತಾರೆ. ಮದುವೆಮನೆಯ ಆರ್ಕೆಸ್ಟ್ರಾದವರು ಕೀಬೋರ್ಡು, ರಿದಮ್ ಪ್ಯಾಡಿನ ಜೊತೆ ಹಾಡುತ್ತಾರೆ. ಮೊಬೈಲಿನಲ್ಲಿ ಹುಡುಕಿದರೆ ತಂಬೂರಿಯಿಂದ ಹಿಡಿದು ಎಲೆಕ್ಟ್ರಿಕ್ ಗಿಟಾರಿನವರೆಗೆ ಹತ್ತಾರು ಬಗೆಯಲ್ಲಿ ಸಿಗುತ್ತದೆ. ಎಲ್ಲದರಲ್ಲೂ ಸೊಲ್ಲು ಒಂದೇ. ಆದರೆ ಎರಡನ್ನು ಒಂದರ ಹಿಂದೊಂದು ಹಾಕಿ ಕೇಳಿ: ಚರಣಗಳ ಸಂಖ್ಯೆ ಬೇರೆ, ಕ್ರಮ ಬೇರೆ, ಓಟ ಬೇರೆ, ಕೆಲವೆಡೆ ಕಥೆಯೇ ಬೇರೆ.

ಆಗ ಸಹಜವಾಗಿ ಏಳುವ ಪ್ರಶ್ನೆ, ‘ಇದರಲ್ಲಿ ಮೂಲ ಯಾವುದು?’ ಜನಪದ ಹಾಡಿನ ಮಟ್ಟಿಗೆ ಈ ಪ್ರಶ್ನೆಗೆ ಉತ್ತರವಿಲ್ಲ. ಉತ್ತರವಿರುವ ಪ್ರಶ್ನೆ ಇನ್ನೊಂದಿದೆ: ಇದನ್ನು ಹಾಡಿದವರು ಯಾರಿಂದ ಕಲಿತರು, ಏನನ್ನು ಉಳಿಸಿಕೊಂಡರು, ಏನನ್ನು ಬಿಟ್ಟರು? ಹಾಡು ಯಾರ ಸ್ವತ್ತು ಎಂಬ ಜಗಳ ನಮ್ಮಲ್ಲಿ ಆಗಾಗ ಎದ್ದು ತಣ್ಣಗಾಗುತ್ತದೆ. ಈ ಎರಡನೆಯ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳುವ ರೂಢಿ ಬಂದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ ಎಂಬುದು ಈ ಬರಹದ ವಾದ.

ಪದದ ಒಳಗೆ ಇರುವುದು

ಮೊದಲು ಪದದಲ್ಲಿ ಮಳೆ ಬರುವ ಕೆರೆಯನ್ನೇ ನೋಡೋಣ. ಮದಗದ ಕೆರೆ ಕಡೂರು ತಾಲ್ಲೂಕಿನ ಎಮ್ಮೆದೊಡ್ಡಿ ಭಾಗದಲ್ಲಿ, ಬಾಬಾಬುಡನ್ ಗಿರಿಸಾಲಿನ ಪೂರ್ವದ ತಪ್ಪಲಿನಲ್ಲಿದೆ. ಗಿರಿಯಲ್ಲಿ ಹುಟ್ಟುವ ಆವತಿ ಹೊಳೆ ಇದನ್ನು ತುಂಬಿಸುತ್ತದೆ. ಅದೇ ಗಿರಿಯ ಇನ್ನೊಂದು ಮಗ್ಗುಲಲ್ಲಿ ಹುಟ್ಟುವ ವೇದಾ ಹೊಳೆ ಸಖರಾಯಪಟ್ಟಣದ ಅಯ್ಯನಕೆರೆಯನ್ನು ತುಂಬಿಸುತ್ತದೆ. ಎರಡೂ ಕಡೂರಿನ ಬಳಿ ಕೂಡಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರದ ಕಡೆ ಹರಿಯುತ್ತವೆ. 1933ರಲ್ಲಿ ಕೋಡಿ ಬಿದ್ದಿದ್ದ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಈ ನೀರಿನ ದಾರಿ ಎಷ್ಟು ವರ್ಷ ಒಣಗಿರುತ್ತದೆ, ಬಂದರೆ ಎಷ್ಟು ರಭಸದಲ್ಲಿ ಬರುತ್ತದೆ ಎಂಬುದಕ್ಕೆ ಅದೊಂದೇ ಸಾಕ್ಷಿ ಸಾಕು.

ಕಡೂರು ಬಯಲು ಮಳೆನೆರಳಿನ ಸೀಮೆ. ಮಲೆನಾಡಿನ ಮಗ್ಗುಲಲ್ಲಿದ್ದರೂ ಅಲ್ಲಿ ಮಳೆ ಕಮ್ಮಿ. ಮುಳ್ಳಯ್ಯನಗಿರಿಯಂಥ ಆರು ಸಾವಿರ ಅಡಿ ಮೀರಿದ ಗುಡ್ಡಗಳು ಮುಂಗಾರನ್ನು ಪಶ್ಚಿಮದಲ್ಲೇ ತಡೆದು ಹಿಂಡಿಕೊಳ್ಳುತ್ತವೆ. ಹಾಗಾಗಿ ಕೆರೆಯ ಏರಿಯ ಮೇಲೆ ನಿಂತವನಿಗೆ ನೆತ್ತಿಯ ಮೇಲೆ ಹನಿ ಬೀಳದಿದ್ದರೂ ಎದುರಿನ ಗಿರಿಯಲ್ಲಿ ರಾತ್ರಿಯಿಡೀ ಸುರಿದ ನೀರು ಬೆಳಗಾಗುವ ಹೊತ್ತಿಗೆ ಕೆರೆಯಂಗಳಕ್ಕೆ ನುಗ್ಗಿರುತ್ತದೆ. ಪದದಲ್ಲಿ ಬರುವ ಮಳೆ ಸಣ್ಣದೊಂದು ಮೋಡದಿಂದ ಹುಟ್ಟಿ ಏಕಾಏಕಿ ಊರನ್ನೇ ನಡುಗಿಸುವುದು ಬರೀ ಕವಿಸಮಯವಲ್ಲ. ಈ ಭೂಗೋಳದಲ್ಲಿ ಬದುಕಿದವರು ಕಣ್ಣಾರೆ ಕಂಡದ್ದು ಅದು.

ಮುಂದಿನದು ಮಾತುಕತೆ. ಬಹಳ ಜನಕ್ಕೆ ಗೊತ್ತಿರುವ ಪಾಠದಲ್ಲಿ ಕೆರೆಗೆ ಬಂದ ಗಂಗಮ್ಮ ತಾನು ಇಲ್ಲಿ ನಿಲ್ಲುವುದಿಲ್ಲ ಎಂದು ಹೇಳುತ್ತಾಳೆ. ಏರಿಯ ಮೇಲಿರುವ ಬಲ್ಲಾಳರಾಯನನ್ನೂ ಕೆರೆಯೊಳಗಿರುವ ಬೆಸ್ತರ ಹುಡುಗನನ್ನೂ ಕರೆದು, ಓಡಿ ಹೋಗಿ ಸುದ್ದಿ ಮುಟ್ಟಿಸಿ ಎನ್ನುತ್ತಾಳೆ. ಆಮೇಲೆ ಒಂದೊಂದು ಚರಣಕ್ಕೆ ಒಂದೊಂದು ಉಪಾಯ. ಸಾವಿರಗಟ್ಟಲೆ ಒಡ್ಡರನ್ನು ಕರೆಸಿ ಏರಿಗೆ ಮಣ್ಣು ಹಾಕಿಸುವುದು ಒಂದು. ಸಾವಿರಗಟ್ಟಲೆ ಕುರಿ ತರಿಸಿ ಬಲಿ ಕೊಡಿಸುವುದು ಇನ್ನೊಂದು. ಬಂಡಿಗಟ್ಟಲೆ ವೀಳ್ಯದಡಿಕೆ, ಚಿಗಳಿ, ತಂಬಿಟ್ಟು ತಂದು ಪೂಜೆ ಮಾಡಿಸುವುದು ಮತ್ತೊಂದು. ಪ್ರತಿ ಉಪಾಯದ ಕೊನೆಗೂ ಅವಳ ಮಾತು ಅದೇ: ನಿಲ್ಲುವವಳಲ್ಲ.

ಕೆರೆ ಕಟ್ಟಿ ಕಾಯ್ದವರ ಪೂರ್ತಿ ಲೋಕ ಈ ಪದದಲ್ಲಿದೆ. ಏರಿ ಗಟ್ಟಿ ಮಾಡುವ ಒಡ್ಡರಿದ್ದಾರೆ, ಮೀನಿಗೆ ಬಲೆ ಬೀಸುವ ಬೆಸ್ತರಿದ್ದಾರೆ, ಆಜ್ಞೆ ಕೊಡುವ ಅರಸನಿದ್ದಾನೆ, ಯಾರ ಮಾತೂ ಕೇಳದ ನೀರಿದೆ. ಏರಿ ಒಡೆಯುವುದು ಎಂದರೆ ಏನು ಎಂದು ಇವರಿಗೆಲ್ಲ ಗೊತ್ತು. ಮಣ್ಣಿನ ಏರಿಯ ಮೇಲೆ ನೀರು ಹತ್ತಿ ಹರಿಯಲು ಶುರುವಾದರೆ ಒಂದು ಗೇಣು ಅಗಲದ ಕೊರಕಲು ನೋಡನೋಡುತ್ತಲೇ ಗಾಡಿ ಹಾಯುವಷ್ಟು ಅಗಲವಾಗುತ್ತದೆ. ಅಲ್ಲಿಗೆ ಅಚ್ಚುಕಟ್ಟಿನ ಗದ್ದೆಯೂ ಹೋಯಿತು, ಕೆಳಗಿನ ಊರೂ ಹೋಯಿತು. ಹೆಚ್ಚುವರಿ ನೀರು ಏರಿ ಹತ್ತುವ ಮೊದಲೇ ಪಕ್ಕಕ್ಕೆ ಹರಿದುಹೋಗಲೆಂದೇ ಕೋಡಿ ಕಟ್ಟುತ್ತಿದ್ದರು. ಕೋಡಿ ಸಾಲದೆ ಹೋದ ದಿನ ಉಳಿಯುತ್ತಿದ್ದುದು ಗುದ್ದಲಿ ಮತ್ತು ದೇವರು ಎರಡೇ.

ಇದರ ಜೊತೆ ಈ ಸೀಮೆಯ ಐತಿಹ್ಯವೊಂದನ್ನು ಇಟ್ಟು ನೋಡಬೇಕು. ಅಯ್ಯನಕೆರೆಯ ಬಗ್ಗೆ ಸಖರಾಯಪಟ್ಟಣದ ಕಡೆ ಹೇಳುವ ಕಥೆ ಅದು. ಕೆರೆ ಒಡೆದು ಹೋಗುತ್ತೇನೆ ಎಂದು ಜಲದೇವತೆ ನೀರಗಂಟಿಗೆ ಹೇಳುತ್ತಾಳೆ. ಅರಸನಿಗೆ ತಿಳಿಸಿ ಬರುತ್ತೇನೆ, ನಾನು ತಿರುಗಿ ಬರುವವರೆಗೆ ನಿಲ್ಲು ಎಂದು ಅವನು ಮಾತು ತೆಗೆದುಕೊಳ್ಳುತ್ತಾನೆ. ಅವನು ತಿರುಗಿ ಹೋಗದಿದ್ದರೆ ಕೆರೆ ಎಂದಿಗೂ ಒಡೆಯುವುದಿಲ್ಲ ಎಂದು ಲೆಕ್ಕ ಹಾಕಿದ ಅರಸ ಅವನನ್ನೇ ಕೊಲ್ಲಿಸುತ್ತಾನೆ. ಇಂಥ ಕಥೆ ಬೇರೆ ಕೆರೆಗಳ ಮೇಲೂ ಇದೆ. ಇದನ್ನು ಅಜ್ಜಿಯ ಬಾಯಿಂದ ಕೇಳಿ ಬಲ್ಲವರಿಗೆ, ಸುದ್ದಿ ಮುಟ್ಟಿಸಲು ಓಡಿ ಎಂಬ ಚರಣ ಬಂದಾಗ ಎದೆ ಝಲ್ಲೆನ್ನುತ್ತದೆ. ಸುದ್ದಿ ಒಯ್ದವನ ಗತಿ ಏನಾದೀತು ಎಂದು ಅವರಿಗೆ ಗೊತ್ತು. ಕಥೆ ತಿಳಿಯದವರಿಗೆ ಅದು ಬರೀ ಮಳೆಯ ಹಾಡು.

ಹಾಗಾದರೆ ಈ ಪದ ಕಡೂರಿನದೇ? ಹಾವೇರಿ ಜಿಲ್ಲೆಯ ಮಾಸೂರಿನ ಬಳಿಯೂ ಮದಗದ ಕೆರೆ ಎಂಬ ಹೆಸರಾಂತ ಹಳೆಯ ಕೆರೆ ಇದೆ. ಪದದಲ್ಲಿ ತಾಲ್ಲೂಕಿನ ಹೆಸರು ಇಲ್ಲ. ಬಲ್ಲಾಳರಾಯ ಎಂಬ ಹೆಸರು ಹೊಯ್ಸಳರನ್ನು ನೆನಪಿಸುತ್ತದೆ, ಆದರೆ ಜನಪದದಲ್ಲಿ ಅರಸರ ಹೆಸರುಗಳು ಕಾಲ ದೇಶ ನೋಡದೆ ಓಡಾಡುತ್ತವೆ. ಎಮ್ಮೆದೊಡ್ಡಿಯ ಕೆರೆ ತುಂಬಿದಾಗಲೆಲ್ಲ ಪತ್ರಿಕೆಗಳು ಈ ಹಾಡನ್ನು ನೆನೆಯುತ್ತವೆ, ಇಲ್ಲಿನ ಜನ ಇದನ್ನು ತಮ್ಮದೆಂದೇ ನಂಬಿದ್ದಾರೆ. ಆ ನಂಬಿಕೆಗೆ ಬೆಲೆಯಿದೆ. ಪಟ್ಟಾ ಬರೆಸಿಕೊಳ್ಳುವಷ್ಟು ದಾಖಲೆ ಮಾತ್ರ ಯಾವ ಕೆರೆಗೂ ಇಲ್ಲ.

ಅಳತೆಗೆ ತಕ್ಕ ಹಾಡು

ಹಾಡು ಬದಲಾಗುವುದಕ್ಕೆ ಕಲಾವಿದರ ಮನಸ್ಸಿನಷ್ಟೇ ದೊಡ್ಡ ಕಾರಣ ಯಂತ್ರದ ಅಳತೆ. ಭಾರತದಲ್ಲಿ ವ್ಯಾಪಾರಕ್ಕೆಂದು ಧ್ವನಿಮುದ್ರಣ ಶುರುವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದಾಗ. ಆ ಕಾಲದಿಂದ ಬಹುಕಾಲ ಚಾಲ್ತಿಯಲ್ಲಿದ್ದ ಹತ್ತಿಂಚಿನ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ರಾತ್ರಿಯಿಡೀ ಹೇಳುವ ಪದವಿರಲಿ, ಗಂಗೆಪೂಜೆಗೆ ಹೋಗಿಬರುವ ದಾರಿಯುದ್ದಕ್ಕೂ ಹೇಳುವ ಪದಕ್ಕೂ ಅಷ್ಟು ಜಾಗ ಸಾಲದು. ಕ್ಯಾಸೆಟ್ಟು ಬಂದ ಮೇಲೆ ಜಾಗ ಹೆಚ್ಚಿತು. ಆದರೂ ಒಂದು ಮಗ್ಗುಲಿಗೆ ನಾಲ್ಕೈದು ಹಾಡು ತುಂಬುವ ಲೆಕ್ಕ ಬಂತು. ಈಗ ಯೂಟ್ಯೂಬಿನಲ್ಲಿ ಅಳತೆಯ ಕಟ್ಟೇ ಇಲ್ಲ, ಆದರೆ ಕೇಳುಗನ ತಾಳ್ಮೆಯೇ ಅಳತೆಯಾಗಿದೆ. ರೀಲ್ಸಿಗೆ ಬಂದರೆ ಸೊಲ್ಲು ಮಾತ್ರ ಉಳಿಯುತ್ತದೆ.

ಮದಗದ ಕೆರೆಯ ಪದದ ಕಟ್ಟೋಣ ಹೇಗಿದೆಯೆಂದರೆ ಅದರಿಂದ ಚರಣ ತೆಗೆದರೂ ಮೇಲುನೋಟಕ್ಕೆ ಏನೂ ಆದಂತೆ ಕಾಣುವುದಿಲ್ಲ. ಪ್ರತಿ ಚರಣವೂ ತಾನೇ ಪೂರ್ಣವಾಗಿ ಸೊಲ್ಲಿಗೆ ಬಂದು ಸೇರುತ್ತದೆ. ಬಾಯಿಂದ ಬಾಯಿಗೆ ಹೋಗುವ ಪದಗಳು ಹೀಗೇ ಇರುತ್ತವೆ. ಮರೆತರೆ ಬಿಡಬಹುದು, ನೆನಪಾದರೆ ಸೇರಿಸಬಹುದು, ಕೆಲಸ ಇನ್ನೂ ಮುಗಿದಿಲ್ಲದಿದ್ದರೆ ಹೊಸ ಚರಣವನ್ನೇ ಕಟ್ಟಬಹುದು. ಆದರೆ ಬಾಯಲ್ಲಿ ಬಿಡುವುದಕ್ಕೂ ಮುದ್ರಣದಲ್ಲಿ ಬಿಡುವುದಕ್ಕೂ ದೊಡ್ಡ ಅಂತರವಿದೆ. ಈ ಸಲ ಗಂಗೆಪೂಜೆಯಲ್ಲಿ ಬಿಟ್ಟ ಚರಣ ಮುಂದಿನ ಸಲ ಇನ್ನೊಬ್ಬಳ ಬಾಯಲ್ಲಿ ತಿರುಗಿ ಬರುತ್ತದೆ. ಕ್ಯಾಸೆಟ್ಟಿನಲ್ಲಿ ಬಿಟ್ಟದ್ದು ಅದನ್ನು ಕೇಳಿ ಕಲಿತ ಪೀಳಿಗೆಗೆ ಇಲ್ಲವೇ ಇಲ್ಲ. ಕುರಿಬಲಿ ಬೇಡವೆಂದು ಆ ಚರಣ ತೆಗೆದರೆ ಹಾಡು ಸಸ್ಯಾಹಾರಿಯಾಗುತ್ತದೆ. ಒಡ್ಡರ ಚರಣ ಹೋದರೆ ಕೆರೆ ಕಟ್ಟಿದವರೇ ಹಾಡಿನಿಂದ ಹೋದಂತೆ. ಸುದ್ದಿ ಒಯ್ಯುವ ಚರಣ ಹೋದರೆ ಕಥೆ ಹೋಯಿತು, ಮಳೆ ಉಳಿಯಿತು.

ಧಾಟಿಯ ಕಥೆಯೂ ಅಷ್ಟೆ. ಹಳ್ಳಿಯಲ್ಲಿ ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಶ್ರುತಿ ಆ ದಿನ ಎತ್ತಿಕೊಟ್ಟವರ ಗಂಟಲಿಗೆ ತಕ್ಕಂತೆ, ಓಟ ಕಾಲ್ನಡಿಗೆಗೋ ಕೈಕೆಲಸಕ್ಕೋ ತಕ್ಕಂತೆ. ಸ್ಟುಡಿಯೋದಲ್ಲಿ ಶ್ರುತಿಪೆಟ್ಟಿಗೆ ಮೊದಲು, ತಾಳದ ಯಂತ್ರ ಆಮೇಲೆ, ಗಾಯಕರು ಕೊನೆಗೆ. ಕೇಳುವುದಕ್ಕೆ ಹಿತವಾಗುತ್ತದೆ, ಸಂದೇಹವಿಲ್ಲ. ಆದರೆ ಸೊಲ್ಲು ಹಿಡಿಯುವವರು ಅಲ್ಲಿ ‘ಕೋರಸ್’ ಆಗಿಬಿಡುತ್ತಾರೆ, ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಅವರ ಹೆಸರು ಬೀಳುವುದು ಅಪರೂಪ.

ಇಷ್ಟಾದರೂ ಮುದ್ರಣವನ್ನು ಶಪಿಸಿ ಕೂರುವುದು ನ್ಯಾಯವಲ್ಲ. ಆಕಾಶವಾಣಿ, ಕ್ಯಾಸೆಟ್ಟುಗಳು ಇಲ್ಲದಿದ್ದರೆ ಕಡೂರಿನ ಕೆರೆಯ ಹೆಸರು ಬೀದರಿನ ಮಗುವಿನ ಬಾಯಿಗೆ ಬರುತ್ತಿರಲಿಲ್ಲ. ಹಾಡುವವರು ತೀರಿಕೊಂಡ ಊರಿನಲ್ಲಿ ಪದ ಉಳಿದಿರುವುದು ಮುದ್ರಣದಿಂದಲೇ.

ಒಂದೇ ದೇವರ ಎರಡು ಪದ

ಕಲಾವಿದರು ಎಷ್ಟರಮಟ್ಟಿಗೆ ಬದಲಿಸಬಹುದು? ಇದಕ್ಕೆ ಇತ್ತೀಚಿನ ಎರಡು ಉದಾಹರಣೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ವಿಷಯ ತಿಳಿಯಾಗುತ್ತದೆ. ಎರಡೂ ಮಲೆ ಮಹದೇಶ್ವರನ ಪದಗಳು. ದೇವರ ಗುಡ್ಡರು ಕಂಸಾಳೆ ಹಿಡಿದು ರಾತ್ರಿಯಿಡೀ ಹೇಳುವ ಮಹಾಕಾವ್ಯದ ಸಂಪ್ರದಾಯಕ್ಕೆ ಸೇರಿದವು.

‘ಕೋಲುಮಂಡೆ ಜಂಗಮದೇವ’ ನಾಡಿಗೆಲ್ಲ ಪರಿಚಯವಾದದ್ದು 1996ರ ‘ಜನುಮದ ಜೋಡಿ’ ಚಿತ್ರದಿಂದ. ಟಿ.ಎಸ್. ನಾಗಾಭರಣ ನಿರ್ದೇಶನ, ವಿ. ಮನೋಹರ್ ಸಂಗೀತ. ಹಾಡಿದ ಎಲ್.ಎನ್. ಶಾಸ್ತ್ರಿ ಅವರಿಗೆ ರಾಜ್ಯ ಪ್ರಶಸ್ತಿಯೂ ಬಂತು. 2020ರಲ್ಲಿ ಚಂದನ್ ಶೆಟ್ಟಿ ಅದೇ ಪದವನ್ನು ರ‍್ಯಾಪ್ ಶೈಲಿಯಲ್ಲಿ ತಂದರು. ಮಹದೇಶ್ವರನ ಭಕ್ತರಿಂದ ಭಾರೀ ವಿರೋಧ ಬಂತು. ಪದದ ಕಥೆಯಲ್ಲಿ ಬರುವ ಸಂಕಮ್ಮನನ್ನು ಹಾಡಿನ ದೃಶ್ಯದಲ್ಲಿ ತೋರಿಸಿದ ರೀತಿ ಅವರಿಗೆ ಸಹಿಸಲಾಗಲಿಲ್ಲ. ಕಲಾವಿದರು ಕ್ಷಮೆ ಕೇಳಿದರು, ವಿಡಿಯೊ ಹಿಂದಕ್ಕೆ ಹೋಯಿತು.

ಮರುವರ್ಷ, 2021ರಲ್ಲಿ, ರಾಜ್ ಬಿ. ಶೆಟ್ಟಿ ಅವರ ‘ಗರುಡ ಗಮನ ವೃಷಭ ವಾಹನ’ ಚಿತ್ರದಲ್ಲಿ ‘ಸೋಜುಗಾದ ಸೂಜುಮಲ್ಲಿಗೆ’ ಬಂತು. ಮಿಥುನ್ ಮುಕುಂದನ್ ಸಂಗೀತ, ಚೈತ್ರಾ ಜೆ. ಆಚಾರ್ ಗಾಯನ. ಚಿತ್ರದ ಕಥೆ ಮಂಗಳೂರಿನ ರೌಡಿಗಳದು, ರಕ್ತಪಾತ ಬೇಕಾದಷ್ಟಿದೆ. ವಾದ್ಯ ಮೇಳ ಕಂಸಾಳೆಯವರದಲ್ಲ, ಹಾಡಿದವರು ದೇವರ ಗುಡ್ಡರಲ್ಲ. ಆದರೂ ಜನ ಅದನ್ನು ತಲೆಯ ಮೇಲೆ ಹೊತ್ತರು.

ಸಂಪ್ರದಾಯ ಮುರಿದದ್ದೇ ತಪ್ಪು ಎನ್ನುವುದಾದರೆ ಎರಡಕ್ಕೂ ವಿರೋಧ ಬರಬೇಕಿತ್ತು. ಹೊಸತೆಲ್ಲ ಸರಿ ಎನ್ನುವುದಾದರೆ ಎರಡೂ ಗೆಲ್ಲಬೇಕಿತ್ತು. ಜನರ ತಕರಾರು ಡ್ರಮ್ಮಿನ ಬಗ್ಗೆಯೂ ಇರಲಿಲ್ಲ, ಗಿಟಾರಿನ ಬಗ್ಗೆಯೂ ಇರಲಿಲ್ಲ. ಸೋಜುಗಾದ ಪದದಲ್ಲಿ ದೇವರು ದೇವರಾಗಿಯೇ ಉಳಿದ. ಕೋಲುಮಂಡೆ ಪದದಲ್ಲಿ ಭಿಕ್ಷಕ್ಕೆ ಬರುವುದು ಜಂಗಮನ ವೇಷದ ಮಹದೇಶ್ವರ, ಅವನನ್ನು ಎದುರುಗೊಳ್ಳುವವಳು ಸಂಕಮ್ಮ. ಕಾವ್ಯದಲ್ಲಿ ಸಂಕಮ್ಮ ಅಂದರೆ ಗಂಡನ ಅನುಮಾನವನ್ನು, ಅವನು ಕೊಟ್ಟ ಹಿಂಸೆಯನ್ನು ನುಂಗಿ ನಿಂತ ಹೆಣ್ಣು. ಆ ಕಥೆ ಗೊತ್ತಿದ್ದವರಿಗೆ ಅವಳ ಮೈಮಾಟವನ್ನು ಮುಂದಿಟ್ಟದ್ದು ಗಾಯದ ಮೇಲೆ ಬರೆ. ಅಲ್ಲಿ ಮುರಿದುಬಿದ್ದದ್ದು ಧಾಟಿಯಲ್ಲ, ಕಥೆ. ಹಾಡು ಎತ್ತಿಕೊಳ್ಳುವವರು ಅದರ ಹಿಂದಿನ ಕಥೆಯನ್ನು ಹೇಳುವವರ ಹತ್ತಿರ ಹೋಗಿ ಕೂತು ಕೇಳಬೇಕು ಎಂಬ ಮಾತಿಗೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಕರ್ತೃ ಗೊತ್ತಿದ್ದಾಗ

ಶಿಶುನಾಳ ಷರೀಫರ ಪದಗಳ ಲೆಕ್ಕ ಬೇರೆ. ಅವು ಜನಪದದಷ್ಟೇ ಹಳ್ಳಿಗಳಲ್ಲಿ ಬೇರೂರಿದ್ದರೂ ಕಟ್ಟಿದವರು ಯಾರೆಂದು ಗೊತ್ತು, ಅವರ ಕಾಲ 1819ರಿಂದ 1889 ಎಂದೂ ಗೊತ್ತು. ಭಜನೆಯಲ್ಲಿದ್ದ ಆ ಪದಗಳಿಗೆ ಸಿ. ಅಶ್ವತ್ಥ್ ಹೊಸ ರಾಗ ಸಂಯೋಜನೆ ಮಾಡಿದರು. 1990ರ ‘ಸಂತ ಶಿಶುನಾಳ ಷರೀಫ’ ಚಿತ್ರದ ಮೂಲಕ ಅವು ಮನೆಮನೆಗೆ ಹೋದವು. ಅದರ ನಿರ್ದೇಶಕರೂ ನಾಗಾಭರಣರೇ. ‘ಸೋರುತಿಹುದು ಮನೆಯ ಮಾಳಿಗಿ’ ಎಂದೊಡನೆ ಇವತ್ತಿಗೂ ಬಹುಪಾಲು ಕನ್ನಡಿಗರ ಕಿವಿಗೆ ಬೀಳುವುದು ಅಶ್ವತ್ಥರ ಕಂಚಿನ ಕಂಠ. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಂನಲ್ಲಿ ಅದೇ ಪದವನ್ನೂ ‘ಗುಡುಗುಡಿಯ ಸೇದಿ ನೋಡೋ’ ಪದವನ್ನೂ ಗಿಟಾರು, ಪಿಟೀಲು, ಡ್ರಮ್ಮಿನ ಜೊತೆ ಹಾಡಿದರು. ಕನ್ನಡ ಬಾರದ ಊರುಗಳ ವೇದಿಕೆಯ ಮೇಲೂ ಷರೀಫರ ಪದ ಕೇಳಿಸಿತು.

ಇಲ್ಲಿ ಮಾತು ಷರೀಫರದು, ರಾಗ ಅಶ್ವತ್ಥರದೋ ರಘು ಅವರದೋ ಎಂದು ಬೇರ್ಪಡಿಸಿ ಹೇಳಬಹುದು. ಮದಗದ ಕೆರೆಯ ಪದದಲ್ಲಿ ಹಾಗೆ ಬೇರ್ಪಡಿಸಲು ಬರುವುದಿಲ್ಲ. ಆದರೆ ಸಾಮಾನ್ಯ ಕೇಳುಗರು ಎರಡನ್ನೂ ‘ಜಾನಪದ ಗೀತೆ’ ಎಂಬ ಒಂದೇ ಚೀಲಕ್ಕೆ ಹಾಕಿಬಿಡುತ್ತಾರೆ. ಅದರಿಂದ ಅಶ್ವತ್ಥರ ರಾಗ ಹಳ್ಳಿಯ ಧಾಟಿಯೆಂದು ಹೆಸರಾಗುತ್ತದೆ, ಹಳ್ಳಿಯ ಧಾಟಿ ಯಾವುದೋ ಸಂಗೀತ ನಿರ್ದೇಶಕರ ಲೆಕ್ಕಕ್ಕೆ ಜಮೆಯಾಗುತ್ತದೆ.

ಕಾನೂನು ಎಲ್ಲಿಯವರೆಗೆ ಬರುತ್ತದೆ

ನಮ್ಮಲ್ಲಿ ಇದಕ್ಕೆ ಅನ್ವಯವಾಗುವುದು 1957ರ ಹಕ್ಕುಸ್ವಾಮ್ಯ ಕಾಯ್ದೆ. ಒಂದು ಹಾಡನ್ನು ಅದು ನಾಲ್ಕು ಪದರಗಳಾಗಿ ನೋಡುತ್ತದೆ. ಸಾಹಿತ್ಯ ಒಂದು ಪದರ, ರಾಗ ಇನ್ನೊಂದು. ಇವೆರಡಕ್ಕೂ ಕರ್ತೃವಿನ ಜೀವಮಾನ ಮತ್ತು ಆಮೇಲೆ 60 ವರ್ಷ ಹಕ್ಕು ಇರುತ್ತದೆ. ಮೂರನೆಯದು ಧ್ವನಿಮುದ್ರಣ. ಅದರ ಹಕ್ಕು ಸಾಮಾನ್ಯವಾಗಿ ದುಡ್ಡು ಹಾಕಿ ಮುದ್ರಿಸಿದ ನಿರ್ಮಾಪಕರದು, ಹೊರಬಂದ ಮುಂದಿನ ವರ್ಷದಿಂದ 60 ವರ್ಷ. 1964ರೊಳಗೆ ಹೊರಬಂದ ತಟ್ಟೆಗಳ ಮೇಲಿನ ಈ ಹಕ್ಕು ಈಗಾಗಲೇ ಮುಗಿದಿದೆ. ನಾಲ್ಕನೆಯದು ಹಾಡಿದವರ, ನುಡಿಸಿದವರ ಹಕ್ಕು, ಅದು 50 ವರ್ಷ.

ಈ ಲೆಕ್ಕವನ್ನು ಮದಗದ ಕೆರೆಗೆ ಹಚ್ಚಿ ನೋಡಿ. ಪರಂಪರೆಯಿಂದ ಬಂದ ಸಾಹಿತ್ಯ, ಧಾಟಿ ಎರಡಕ್ಕೂ ಕಾಯ್ದೆಯ ಕಣ್ಣಿನಲ್ಲಿ ಯಜಮಾನರಿಲ್ಲ. ಬುಕ್ಕಾಂಬುಧಿಯ ಭಜನಾ ಮಂಡಳಿ ಇರಲಿ, ಬೆಂಗಳೂರಿನ ರಾಕ್ ಬ್ಯಾಂಡ್ ಇರಲಿ, ಯಾರ ಅಪ್ಪಣೆಯೂ ಬೇಕಿಲ್ಲದೆ ಹಾಡಬಹುದು. ಆದರೆ ಒಂದು ಕಂಪನಿ ಹೊರತಂದ ಮುದ್ರಣವನ್ನೇ ಎತ್ತಿ ತಮ್ಮ ವಿಡಿಯೊಗೆ ಹಾಕಿಕೊಂಡರೆ ಅದು ಆ ಕಂಪನಿಯ ಸ್ವತ್ತು. ಒಬ್ಬರು ಹೊಸದಾಗಿ ಸೇರಿಸಿದ ಚರಣ, ಹೊಸದಾಗಿ ಕಟ್ಟಿದ ವಾದ್ಯಸಂಯೋಜನೆ ಅವರದು, ಅಷ್ಟು ಮಟ್ಟಿಗೆ ಮಾತ್ರ. ಅದರಿಂದ ಇಡೀ ಪದ ಅವರದಾಗುವುದಿಲ್ಲ.

ಹಕ್ಕು ಜಾರಿಯಲ್ಲಿರುವ ಹಾಡುಗಳ ‘ಕವರ್’ ಮಾಡುವುದಕ್ಕೆ 2012ರ ತಿದ್ದುಪಡಿ ಬೇರೆ ನಿಯಮ ಹಾಕಿದೆ. ಮೊದಲ ಮುದ್ರಣ ಬಂದ ವರ್ಷ ಮುಗಿದು ಐದು ವರ್ಷ ಕಾಯಬೇಕು, ಮೊದಲೇ ತಿಳಿವಳಿಕೆ ಕೊಡಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಕಟ್ಟಬೇಕು. ಅಶ್ವತ್ಥರ ರಾಗದಲ್ಲಿ ಷರೀಫರ ಪದ ಹಾಡಿ ಮಾರಾಟಕ್ಕೆ ಬಿಡುವವರು ನೆನಪಿಡಬೇಕಾದ ವಿಷಯ ಇದು. ಪದ ಮುಕ್ತವಾಗಿದ್ದರೂ ರಾಗ ಮುಕ್ತವಲ್ಲ.

ಯೂಟ್ಯೂಬಿನಲ್ಲಿ ಬರುವ ತೊಡಕೂ ಇಲ್ಲೇ ಹುಟ್ಟುತ್ತದೆ. ಅಲ್ಲಿನ ಯಂತ್ರ ದನಿಯನ್ನು ದನಿಯ ಜೊತೆ ಹೋಲಿಸಿ ನೋಡುತ್ತದೆ, ಕಾಯ್ದೆ ಓದುವುದಿಲ್ಲ. ಹಳ್ಳಿಯವರು ತಮ್ಮದೇ ಗಂಟಲಲ್ಲಿ ಹಾಡಿ ಏರಿಸಿದ ಪದಕ್ಕೆ ಯಾವುದೋ ಕಂಪನಿಯ ಹೆಸರಿನಲ್ಲಿ ಹಕ್ಕಿನ ನೋಟಿಸು ಬರಬಹುದು. ಬಂದರೆ ಹೆದರಿ ತೆಗೆಯಬೇಕಿಲ್ಲ. ಪದ ಪಾರಂಪರಿಕವಾದದ್ದು, ಹಾಡಿದವರು ನಾವೇ, ಬೇರೆಯವರ ಮುದ್ರಣ ಬಳಸಿಲ್ಲ ಎಂದು ಆಕ್ಷೇಪಣೆ ಹಾಕಲು ಅಲ್ಲೇ ಅವಕಾಶವಿದೆ.

ಕಾಯ್ದೆ ಕೈಬಿಡುವ ಜಾಗವೂ ಒಂದಿದೆ. ಸಮುದಾಯವೊಂದು ತಲೆಮಾರುಗಳಿಂದ ಕಾಯ್ದುಕೊಂಡು ಬಂದ ಪದದಿಂದ ಹೊರಗಿನವರು ದುಡ್ಡು ಮಾಡಿದರೆ ಸಮುದಾಯಕ್ಕೆ ಪಾಲು ಕೊಡಿ ಎಂದು ಅದು ಹೇಳುವುದಿಲ್ಲ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ಈ ಬಗ್ಗೆ ಎರಡು ದಶಕಕ್ಕೂ ಮೀರಿ ಮಾತುಕತೆ ನಡೆದಿದೆ. 2024ರಲ್ಲಿ ಅಲ್ಲಿ ಒಪ್ಪಂದವಾದದ್ದು ಆನುವಂಶಿಕ ಸಂಪನ್ಮೂಲ ಮತ್ತು ಅದರ ಜೊತೆಗಿನ ಪಾರಂಪರಿಕ ಅರಿವಿನ ಬಗ್ಗೆ. ಹಾಡು, ಕುಣಿತದ ಪಾಲಿಗೆ ಒಪ್ಪಂದ ಆಗ ಆಗಲಿಲ್ಲ.

ಕೆಂಟಕಿಯಲ್ಲೂ ಇದೇ ಕಥೆ

ಈ ತಾಪತ್ರಯ ನಮ್ಮೊಬ್ಬರದೇ ಅಲ್ಲ. ಅಮೆರಿಕದ ‘ಹೌಸ್ ಆಫ್ ದ ರೈಸಿಂಗ್ ಸನ್’ ಎಂಬ ಹಳ್ಳಿ ಹಾಡು 1933ರಷ್ಟು ಹಿಂದೆಯೇ ತಟ್ಟೆಯ ಮೇಲೆ ಬಂದಿತ್ತು. 1937ರಲ್ಲಿ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಕೆಂಟಕಿ ರಾಜ್ಯದ ಮಿಡಲ್ಸ್‌ಬರೊ ಊರಿನಲ್ಲಿ ಜಾರ್ಜಿಯಾ ಟರ್ನರ್ ಎಂಬ ಬಡ ಮನೆಯ ಹುಡುಗಿ ಹಾಡಿದ್ದನ್ನು ಮುದ್ರಿಸಿಕೊಂಡ. ಮುಂದೆ ತನ್ನ ಪುಸ್ತಕದಲ್ಲಿ ಅವಳ ಹೆಸರನ್ನೂ ಕೊಟ್ಟ. 1962ರಲ್ಲಿ ಬಾಬ್ ಡಿಲನ್ ತನ್ನ ಮೊದಲ ಆಲ್ಬಂನಲ್ಲಿ ಹಾಡಿದ. 1964ರಲ್ಲಿ ಇಂಗ್ಲೆಂಡಿನ ‘ದಿ ಆನಿಮಲ್ಸ್’ ತಂಡ ಹಾಡಿದಾಗ ಲೋಕವೆಲ್ಲ ಗುನುಗಿತು. ಆ ತಟ್ಟೆಯ ಮೇಲೆ ಸಂಯೋಜನೆಯ ಲೆಕ್ಕಕ್ಕೆ ಬಿದ್ದದ್ದು ಐವರ ತಂಡದಲ್ಲಿ ಅಲನ್ ಪ್ರೈಸ್ ಒಬ್ಬನ ಹೆಸರು. ರಾಯಧನದ ವಿಷಯದಲ್ಲಿ ಉಳಿದ ನಾಲ್ವರ ಅಸಮಾಧಾನ ದಶಕಗಳ ಕಾಲ ಉಳಿಯಿತು.

ಇದರಲ್ಲಿ ಗಮನಿಸಬೇಕಾದದ್ದು ಲೋಮ್ಯಾಕ್ಸ್ ಮಾಡಿದ ಚಿಕ್ಕ ಕೆಲಸ. ಊರು, ವರ್ಷ, ಹಾಡಿದವಳ ಹೆಸರು ಮೂರನ್ನೂ ಬರೆದಿಟ್ಟ. ಆ ಮೂರು ಮಾಹಿತಿ ಇದ್ದದ್ದರಿಂದಲೇ ಇವತ್ತು ಆ ಹಾಡಿನ ಚರಿತ್ರೆಯಲ್ಲಿ ಜಾರ್ಜಿಯಾ ಟರ್ನರ್‌ಗೆ ಜಾಗ ಇದೆ. ನಮ್ಮ ಬಹುಪಾಲು ಜನಪದ ಕ್ಯಾಸೆಟ್ಟುಗಳ ಮೇಲೆ ಸಾಹಿತ್ಯದ ಮುಂದೆ ‘ಜಾನಪದ’ ಎಂಬ ಒಂದೇ ಪದ ಇರುತ್ತದೆ. ಯಾರು ಹೇಳಿದರು, ಎಲ್ಲಿ ಹೇಳಿದರು ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ.

ನಮ್ಮಲ್ಲಿ ಬರೆದಿಟ್ಟವರು ಇಲ್ಲವೆಂದಲ್ಲ. ಹಲಸಂಗಿ ಗೆಳೆಯರು 1931ರಲ್ಲೇ ‘ಗರತಿಯ ಹಾಡು’ ತಂದರು. ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನೇ ಕಟ್ಟಿದರು. 2024ರಲ್ಲಿ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಗೊ.ರು. ಚನ್ನಬಸಪ್ಪನವರು ಇದೇ ತರೀಕೆರೆ ಸೀಮೆಯ ಗೊಂಡೇದಹಳ್ಳಿಯವರು, ಗ್ರಾಮಗೀತೆಗಳನ್ನು ಸಂಗ್ರಹಿಸುತ್ತಲೇ ಸಾಹಿತ್ಯಕ್ಕೆ ಬಂದವರು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದಕ್ಕೇ ಒಂದು ವಿಶ್ವವಿದ್ಯಾಲಯ ಇದೆ. ಕೊರತೆ ಇರುವುದು ಪುಸ್ತಕದ ಕಪಾಟಿಗೂ ಸ್ಟುಡಿಯೋಗೂ ನಡುವಿನ ದಾರಿಯಲ್ಲಿ.

ಆಗಬೇಕಾದ ಕೆಲಸ

ಮೊದಲನೆಯದು ಕಲಾವಿದರ, ಕಂಪನಿಗಳ ಪಾಲಿನದು. ಜನಪದ ಪದ ಹೊರತರುವಾಗ ವಿವರಣೆಯಲ್ಲಿ ಎರಡು ಸಾಲು ಹೆಚ್ಚಿಗೆ ಬರೆಯಲಿ: ಯಾರಿಂದ, ಯಾವ ಪುಸ್ತಕದಿಂದ ಅಥವಾ ಯಾವ ಮುದ್ರಣದಿಂದ ಕಲಿತದ್ದು, ಯಾವ ಚರಣ ಬಿಟ್ಟದ್ದು, ಯಾವುದು ಹೊಸದಾಗಿ ಸೇರಿಸಿದ್ದು. ಇದಕ್ಕೆ ಖರ್ಚಿಲ್ಲ. ಬಿಡುವ ಸ್ವಾತಂತ್ರ್ಯ ಅವರಿಗಿದೆ, ಬಿಟ್ಟಿದ್ದೇನೆ ಎಂದು ಹೇಳುವ ಹೊಣೆಯೂ ಇದೆ. ಪದ ಹೇಳಿಕೊಟ್ಟವರು ಬದುಕಿದ್ದರೆ ಗೌರವಧನ ಕೊಡುವುದು ಕಾಯ್ದೆಯ ಮಾತಲ್ಲ, ಮರ್ಯಾದೆಯ ಮಾತು.

ಎರಡನೆಯದು ಊರಿನ ಪಾಲಿನದು. ಅಜ್ಜಂಪುರ, ಕಡೂರು, ತರೀಕೆರೆ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಒಬ್ಬ ಕನ್ನಡ ಮೇಷ್ಟ್ರು, ಮಕ್ಕಳ ಕೈಯಲ್ಲಿ ಒಂದು ಮೊಬೈಲು ಇದ್ದರೆ ಸಾಕು. ಗಂಗೆಪೂಜೆಯ ಪದ ಬಲ್ಲ ಹಿರಿಯರ ಹತ್ತಿರ ಹೋಗಿ ‘ಅಜ್ಜಿ, ಈ ಪದ ನಿಮಗೆ ಎಷ್ಟು ಬರುತ್ತೋ ಅಷ್ಟೂ ಹೇಳಿ’ ಎಂದು ಕೇಳಿ, ಒಪ್ಪಿಗೆ ಪಡೆದು ಮುದ್ರಿಸಿಕೊಳ್ಳಬೇಕು. ಎರಡು ಊರಿನ ಪಾಠ ಬೇರೆಯಾದರೆ ತಿದ್ದಿ ಒಂದು ಮಾಡಬಾರದು, ಎರಡನ್ನೂ ಇಡಬೇಕು. ಹಾಡಿದವರ ಹೆಸರು, ಊರು, ದಿನಾಂಕ, ಅವರು ಯಾರಿಂದ ಕಲಿತರು ಎಂಬುದನ್ನು ದನಿಯಲ್ಲೇ ಹೇಳಿಸಿ ಮುದ್ರಿಸಿದರೆ ಮುಂದೆ ಯಾರೂ ಅದನ್ನು ಕತ್ತರಿಸಿ ಬೇರೆ ಮಾಡುವುದು ಕಷ್ಟ. ಅದರ ಒಂದು ಪ್ರತಿ ಶಾಲೆಯಲ್ಲಿ, ಇನ್ನೊಂದು ಜಾನಪದ ವಿಶ್ವವಿದ್ಯಾಲಯದಂಥ ಸಂಸ್ಥೆಯಲ್ಲಿ ಇರಬೇಕು.

ಮೂರನೆಯದು ಕೇಳುಗರ ಪಾಲಿನದು. ರಾಕ್ ಬ್ಯಾಂಡಿನ ಮದಗದ ಕೆರೆ ಇಷ್ಟವಾದರೆ ತಪ್ಪೇನಿಲ್ಲ. ಆದರೆ ಅದಾದ ಮೇಲೆ ಊರವರು ಹಾಡಿದ್ದನ್ನೂ ಒಂದು ಸಲ ಹುಡುಕಿ ಕೇಳಿ. ಮಕ್ಕಳಿಗೆ ಕುಣಿತ ಕಲಿಸುವ ಟೀಚರು ಟ್ರ್ಯಾಕ್ ಹಾಕುವ ಮೊದಲು ಕೋಡಿ ಎಂದರೇನು, ಒಡ್ಡರು ಮಾಡಿದ ಕೆಲಸವೇನು, ನೀರಗಂಟಿಯ ಕಥೆಯೇನು ಎಂದು ಹತ್ತು ನಿಮಿಷ ಹೇಳಲಿ. ಅಷ್ಟು ತಿಳಿದು ಕುಣಿದ ಮಗು ಮುಂದೆ ಗಾಯಕಿಯಾಗಿ ಈ ಪದವನ್ನು ಯಾವ ವಾದ್ಯದ ಜೊತೆ ಬೇಕಾದರೂ ಹಾಡಲಿ, ಯಾವ ಚರಣ ಬಿಟ್ಟರೆ ಏನು ಹೋಗುತ್ತದೆ ಎಂದು ಅವಳಿಗೆ ಗೊತ್ತಿರುತ್ತದೆ. ಜನಪದ ಹಾಡನ್ನು ಕಾಯುವುದಕ್ಕೆ ಬೇಲಿ ಹಾಕಿ ಪ್ರಯೋಜನವಿಲ್ಲ. ಗೊತ್ತಿದ್ದು ಬದಲಿಸುವವರು ಹೆಚ್ಚಾದರೆ ಅದೇ ಕಾವಲು.